ನೀರು ಇಂಗಿದೆ, ಓಸಿಟಿ ಆಂಜಿಯೋದಲ್ಲಿ ಹೊಸ ನಾಳಗಳ ಬಲೆ ಹಾಗೇ ಇದೆ: ಔಷಧ ಬದಲಿಸಬೇಕೇ?

ಪ್ರಶ್ನೆ:
ವೆಟ್ ಎಎಂಡಿ (ವಯಸ್ಸಾದಂತೆ ರೆಟಿನಾದ ಅಡಿ ಹೊಸ ನಾಳಗಳು ಬೆಳೆದು ಸೋರುವ ಕಾಯಿಲೆ), ಟೈಪ್ 1 ಬಲೆ (ರೆಟಿನಾದ ಅಡಿಯ ಆರ್‌ಪಿಇ ಕೋಶಪದರದ ಕೆಳಗಿನದು). ತಿಂಗಳಿಗೊಂದರಂತೆ ಅಫ್ಲಿಬರ್ಸೆಪ್ಟ್ (ನಾಳ ಬೆಳೆಸುವ ಪ್ರೋಟೀನ್ ವೆಜ್‌ಎಫ್ ಅನ್ನು ತಡೆಯುವ ಔಷಧ) 2 ಮಿ.ಗ್ರಾಂ ಮೂರು ಇಂಜೆಕ್ಷನ್ ಆಗಿವೆ. ಓಸಿಟಿಯಲ್ಲಿ (ಬೆಳಕಿನಿಂದ ಪದರಗಳನ್ನು ತೋರಿಸುವ ಸ್ಕ್ಯಾನ್) ರೆಟಿನಾದ ಒಳಗೂ ಅಡಿಯಲ್ಲೂ ನೀರಿಲ್ಲ, ತಗ್ಗು ಪಿಇಡಿ (ಆರ್‌ಪಿಇ ಪದರ ಮೇಲೆದ್ದ ಗುಡ್ಡ) ಮಾತ್ರ ಉಳಿದಿದೆ. ಆದರೆ ಆಂಜಿಯೋದಲ್ಲಿ ನಡುವಿನ ದಪ್ಪ ನಾಳ ಮೊದಲಿನಂತೆಯೇ ಎದ್ದು ಕಾಣುತ್ತದೆ, ಬಲೆಯ ಅಗಲವೂ ಅಷ್ಟೇ. ಔಷಧ ನಾಟಲಿಲ್ಲ ಅಂತಲೇ? ಮುಂದಿನ ಡೋಸ್ ಯಾವಾಗ?

ಉತ್ತರ 1:
ನಾಟಿದೆ ಸರ್, ಬದಲಿಸಬೇಡಿ. ಆಂಜಿಯೋ ತೋರಿಸುವುದು ಹರಿಯುವ ರಕ್ತವನ್ನು, ಸೋರಿಕೆಯನ್ನಲ್ಲ. ವೆಜ್‌ಎಫ್ ತಡೆದಾಗ ಸೋರಿಕೆ ನಿಲ್ಲುತ್ತದೆ, ಎಳೆಯ ನಾಳಗಳು ಮುದುಡುತ್ತವೆ. ಪೆರಿಸೈಟ್ (ನಾಳದ ಗೋಡೆಗೆ ಆಧಾರವಾಗುವ ಕೋಶ) ಹೊದಿಕೆ ಬಂದ ದಪ್ಪ ನಾಳಗಳಿಗೆ ವೆಜ್‌ಎಫ್ ಹಂಗು ಕಡಿಮೆ, ಅವು ಉಳಿದುಕೊಳ್ಳುತ್ತವೆ. ಅಗಲಕ್ಕಿಂತ ಅಂಚನ್ನು ನೋಡಿ: ಸಣ್ಣ ಕವಲು, ಕುಣಿಕೆಗಳು ಒತ್ತಾಗಿದ್ದರೆ ಬಲೆ ಚುರುಕಾಗಿದೆ, ಎಲೆ ಉದುರಿದ ಮರದಂತೆ ದಪ್ಪ ಕೊಂಬೆಗಳಷ್ಟೇ ಇದ್ದರೆ ಸದ್ಯಕ್ಕೆ ಶಾಂತ.

ಅಂತರ ತೀರ್ಮಾನಿಸುವುದು ನೀರು, ಹೊಸ ರಕ್ತಸ್ರಾವ ಮತ್ತು ದೃಷ್ಟಿ. ಮುಂದಿನದು 8 ವಾರಕ್ಕೆ. ಅಂದು ಒಣಗಿದ್ದರೂ ಇಂಜೆಕ್ಷನ್ ಕೊಟ್ಟೇ 10 ವಾರಕ್ಕೆ ಕರೆಯಿರಿ, ನೀರು ಮರಳಿದರೆ 2 ವಾರ ಹಿಂದಕ್ಕೆ ಬನ್ನಿ. ಒಣಗಿತೆಂದು ಸುಮ್ಮನೆ ನಿಲ್ಲಿಸಿದರೆ ಅದೇ ದಪ್ಪ ನಾಳದಿಂದ ಮತ್ತೆ ಕವಲೊಡೆಯುತ್ತದೆ. ಹೀಗೂ ದೃಷ್ಟಿ ಕಳೆದುಕೊಳ್ಳುವುದುಂಟು.

ಉತ್ತರ 2:
ಅಗಲ ಹೋಲಿಸುವ ಮುನ್ನ ಸೆಗ್ಮೆಂಟೇಶನ್ ಗೆರೆ (ಪದರಗಳನ್ನು ಬೇರ್ಪಡಿಸಲು ಯಂತ್ರ ಎಳೆಯುವ ಗೆರೆ) ನೋಡಿದಿರಾ? ಟೈಪ್ 1 ಬಲೆ ಆರ್‌ಪಿಇ ಅಡಿಯಲ್ಲಿರುತ್ತದೆ. ಪಿಇಡಿ ಇದ್ದಲ್ಲಿ ಯಂತ್ರ ಬ್ರೂಕ್ ಪೊರೆಯ (ಆರ್‌ಪಿಇ ಕೆಳಗಿನ ತೆಳು ಪೊರೆ) ಗೆರೆಯನ್ನು ಗುಡ್ಡದ ಮೇಲೆ ಹತ್ತಿಸಿಬಿಡುತ್ತದೆ, ಆಗ ಬಲೆಯ ಅರ್ಧ ಸ್ಲ್ಯಾಬಿನಿಂದ (ಗೆರೆಗಳ ನಡುವೆ ತೋರಿಸುವ ಪದರ) ಹೊರಗೆ. ಬಿ-ಸ್ಕ್ಯಾನ್ (ಅಡ್ಡಸೀಳು ಚಿತ್ರ) ಮೇಲೆ ರಕ್ತದ ಹರಿವು ತೋರಿಸುವ ಫ್ಲೋ ಬಣ್ಣ ಹಾಕಿ, ಗೆರೆಯನ್ನು ಕೈಯಿಂದಲೇ ಕೆಳಗೆಳೆಯಿರಿ. ಎರಡೂ ಭೇಟಿಯಲ್ಲಿ ಒಂದೇ ಅಳತೆಯ ಸ್ಕ್ಯಾನ್ ಇರಲಿ: 3×3 ಮಿ.ಮೀ. ಚಿತ್ರವನ್ನು 6×6ರ ಜೊತೆ ಹೋಲಿಸಿದರೆ ಸಣ್ಣ ಕವಲುಗಳು ಮಾಯವಾದಂತೆ ಕಾಣುತ್ತವೆ. ಬಲೆಯ ಆಕಾರ ಮೇಲ್ಪದರದ ನಾಳಗಳ ಅಚ್ಚಿನಂತಿದ್ದರೆ ಅದು ಪ್ರೊಜೆಕ್ಷನ್ ನೆರಳು, ನಿಜವಾದ ಬಲೆಯಲ್ಲ.

ಪ್ರಶ್ನೆ ಕೇಳಿದವರು:
ಹೌದು, ಮೊದಲ ಭೇಟಿಯ ಗೆರೆ ಪಿಇಡಿ ಮೇಲೇರಿತ್ತು. ಸರಿಪಡಿಸಿದ ಮೇಲೆ ಆಗಿನ ಬಲೆ ಇನ್ನೂ ದೊಡ್ಡದಿತ್ತು, ಈಗ ಅಂಚು ಸವೆದಿದೆ. ಒಂದು ವೇಳೆ ನೀರು ಇಂಗದೇ ಇದ್ದಿದ್ದರೆ?

ಉತ್ತರ 3:
ಆಗ ಐಸಿಜಿ (ಬಣ್ಣ ಚುಚ್ಚಿ ತೆಗೆಯುವ ಆಂಜಿಯೋ) ಮಾಡಿ. ಪಾಲಿಪ್‌ಗಳಲ್ಲಿ (ಬಲೆಯ ನಾಳದ ತುದಿಯ ಉಬ್ಬುಗಳು) ರಕ್ತ ನಿಧಾನವಾಗಿ ಸುತ್ತುವುದರಿಂದ ಓಸಿಟಿ ಆಂಜಿಯೋ ಅವನ್ನು ತಪ್ಪಿಸಬಹುದು. 25 ಮಿ.ಗ್ರಾಂ ಐಸಿಜಿ ಕೊಟ್ಟು ಮೊದಲ 6 ನಿಮಿಷ ಬಿಡದೆ ನೋಡಿ, ಪಾಲಿಪ್ ಹೊಳೆಯುವುದು ಆಗಲೇ. ಬಣ್ಣದಲ್ಲಿ ಅಯೋಡೈಡ್ ಇರುತ್ತದೆ, ಅಲರ್ಜಿ ಮೊದಲೇ ಕೇಳಿಕೊಳ್ಳಿ. ಪಾಲಿಪ್ ಸಿಕ್ಕರೆ ಇಂಜೆಕ್ಷನ್ ಜೊತೆ ವರ್ಟೆಪೋರ್ಫಿನ್ ಪಿಡಿಟಿ (ಔಷಧ ಕೊಟ್ಟು ಅದನ್ನು ಲೇಸರ್ ಬೆಳಕಿನಿಂದ ಚುರುಕುಗೊಳಿಸುವ ಚಿಕಿತ್ಸೆ) ಯೋಚಿಸಬಹುದು. ಪಿಇಡಿ ತುಂಬಾ ಎತ್ತರವಿದ್ದರೆ ಆರ್‌ಪಿಇ ಹರಿದುಹೋಗುವ ಅಪಾಯವನ್ನು ಇಂಜೆಕ್ಷನ್‌ಗೆ ಮುಂಚೆಯೇ ರೋಗಿಗೆ ತಿಳಿಸಿಬಿಡಿ.