ಅಮೇರಿಕಾದಲ್ಲಿ ಸರ್ಕಾರಿ ವಕೀಲರನ್ನ ಓಟ್ ಹಾಕಿ ಆರಿಸ್ತಾರಂತೆ, ಹೌದಾ?

ಬೆಟ್ಟದ_ಮೆಟ್ಲು (ಮೈಸೂರು):
ಎಲ್ರಿಗೂ ನಮಸ್ಕಾರ. ನಾನು ಎಲ್‌ಎಲ್‌ಬಿ ಕೊನೇ ವರ್ಷ, ಮುಂದೆ ಎಪಿಪಿ, ಅಂದ್ರೆ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್ (ಸಹಾಯಕ ಸರ್ಕಾರಿ ವಕೀಲರು) ಎಕ್ಸಾಮ್ ಬರೀಬೇಕು ಅಂತ ಆಸೆ (ಹುಡುಗೀರಿಗೆ ಕ್ರಿಮಿನಲ್ ಸೈಡ್ ಯಾಕೆ ಅಂತ ಅಮ್ಮಂದು ದಿನಾ ರಾಗ, ಅದು ಬಿಡಿ). ನಮ್ ಭಾವ ಕ್ಯಾಲಿಫೋರ್ನಿಯಾದಲ್ಲಿದಾರೆ, ಮೊನ್ನೆ ವಿಡಿಯೋ ಕಾಲಲ್ಲಿ ಅವರ ಬೀದಿ ತೋರಿಸ್ತಾ ಇದ್ರೆ ಯಾರದೋ ಮನೆ ಮುಂದೆ ಹುಲ್ಲಲ್ಲಿ ಒಂದು ಬೋರ್ಡ್ ನೆಟ್ಟಿದಾರೆ, ಇಂಥವರನ್ನ ಡಿಸ್ಟ್ರಿಕ್ಟ್ ಅಟಾರ್ನಿ (ಡಿಎ, ಅಲ್ಲಿನ ಮುಖ್ಯ ಸರ್ಕಾರಿ ವಕೀಲರು) ಮಾಡಿ ಅಂತ. ನನಗೆ ನಗು ತಡೆಯಕ್ಕಾಗ್ಲಿಲ್ಲ, ನಮ್ ಮಳಲವಾಡಿ ಕೋರ್ಟ್ ಗೇಟಲ್ಲಿ ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್) ಸಾಹೇಬ್ರು ಕೈ ಮುಗಿದಿರೋ ಫ್ಲೆಕ್ಸ್ ಕಣ್ಮುಂದೆ ಬಂತು. ಅದು ನಿಜವಾಗ್ಲೂ ಎಲೆಕ್ಷನ್ ಹುದ್ದೇನಾ? ಆ ಲೈನಲ್ಲಿ ಹೋದ ವಕೀಲರು ಎಲ್ಲಿಂದ ಶುರು ಮಾಡಿ ಎಲ್ಲಿಗೆ ಮುಟ್ತಾರೆ? ಗೊತ್ತಿರೋರು ಹೇಳಿ.

ಸಕ್ಕರೆಸೀಮೆ_ಪರದೇಸಿ:
ನಿಜ ಕಣವ್ವ. ನಾನು ಮಂಡ್ಯದವನು, ಈ ಕಡೆ ಬಂದು ಸುಮಾರ್ ವರ್ಷ ಆಯ್ತು. ಅಲಾಸ್ಕ, ಕನೆಕ್ಟಿಕಟ್, ನ್ಯೂಜೆರ್ಸಿಯಂಥ ಕೆಲವು ಬಿಟ್ರೆ ಹೆಚ್ಚುಕಮ್ಮಿ ಎಲ್ಲಾ ರಾಜ್ಯದಲ್ಲೂ ಇದಕ್ಕೆ ಎಲೆಕ್ಷನ್ನೇ, ಸಾಮಾನ್ಯವಾಗಿ 4 ವರ್ಷಕ್ಕೊಂದ್ಸಲ. ಕಮಲಾ ಹ್ಯಾರಿಸ್ ಹೆಸರು ಕೇಳಿದೀಯಲ್ಲ, ಅವರ ತಾಯಿ ತಮಿಳುನಾಡಿನ ಕಡೆಯವರು ಅಂತ ನಮ್ ಪೇಪರ್‌ನೋರು ಬರೆದಿದ್ದೇ ಬರೆದಿದ್ದು, ಆದ್ರೆ ಆಯಮ್ಮನ ಅರ್ಧ ಜೀವನ ಪ್ರಾಸಿಕ್ಯೂಷನ್ನಲ್ಲೇ ಕಳೀತು ಅನ್ನೋದನ್ನ ಯಾರೂ ಸರಿಯಾಗಿ ಹೇಳ್ಲಿಲ್ಲ. 1990ರಲ್ಲಿ ಅಲಮೇಡಾ ಕೌಂಟಿ ಆಫೀಸಲ್ಲಿ ಕೆಳಗಿನ ಪ್ರಾಸಿಕ್ಯೂಟರ್ ಆಗಿ ಸೇರಿದ್ದು, ಅಂದ್ರೆ ನಿಮ್ ಎಪಿಪಿ ಥರ ಅನ್ಕೋ. 2003ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆಗ ಕುರ್ಚೀಲಿ ಕೂತಿದ್ದ ಟೆರೆನ್ಸ್ ಹಾಲಿನನ್ ಅವರನ್ನೇ ಸೋಲಿಸಿ ಡಿಎ ಆದ್ರು.

ಆಗಿ ಮೂರ್ನಾಕು ತಿಂಗಳೂ ಆಗಿರ್ಲಿಲ್ಲ, 2004ರ ಏಪ್ರಿಲಲ್ಲಿ ಐಸಾಕ್ ಎಸ್ಪಿನೋಜಾ ಅಂತ ಒಬ್ಬ ಪೊಲೀಸ್ ಡ್ಯೂಟೀಲಿದ್ದಾಗ ಗುಂಡೇಟಿಗೆ ಸತ್ತ. ಆಯಮ್ಮ ಎಲೆಕ್ಷನ್ನಲ್ಲೇ ಮರಣದಂಡನೆ ಕೇಳಲ್ಲ ಅಂದಿದ್ರು, ಈ ಕೇಸಲ್ಲೂ ಕೇಳಲ್ಲ ಅಂದ್ಬಿಟ್ರು. ಪೊಲೀಸರು ಕೆಂಡ ಆದ್ರು. ಸತ್ತವನ ಅಂತ್ಯಕ್ರಿಯೇಲಿ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಎದ್ದು ನಿಂತು ಇದಕ್ಕೆ ಮರಣದಂಡನೆನೇ ಸರಿ ಅಂದ್ರು, ನೆರೆದಿದ್ದ ಪೊಲೀಸರೆಲ್ಲ ಎದ್ದು ಚಪ್ಪಾಳೆ, ಕಮಲಾ ಅಲ್ಲೇ ಕೂತಿದ್ರು. ಓಟಿನ ಹುದ್ದೇಲಿ ಇದ್ಕೊಂಡು ಅದನ್ನ ತಡ್ಕೊಳ್ಳೋದು ಅಂದ್ರೆ ಯೋಚನೆ ಮಾಡು. ಆದ್ರೂ 2007ರಲ್ಲಿ ಎದುರಾಳಿನೇ ಇಲ್ದೆ ಮತ್ತೆ ಗೆದ್ರು. 2010ರಲ್ಲಿ ರಾಜ್ಯದ ಅಟಾರ್ನಿ ಜನರಲ್ (ಇಡೀ ರಾಜ್ಯಕ್ಕೆ ದೊಡ್ಡ ಸರ್ಕಾರಿ ವಕೀಲರು) ಎಲೆಕ್ಷನ್, ಅದೂ ಓಟೇ, ಆ ರಾತ್ರಿ ಎದುರಾಳಿ ನಾನೇ ಗೆದ್ದೆ ಅಂತ ಭಾಷಣ ಮಾಡಿ ಮನೆಗೆ ಹೋದ, ಎಣಿಕೆ ವಾರಗಟ್ಲೆ ನಡ್ದು ಕೂದಲೆಳೇಲಿ ಈಯಮ್ಮ ಗೆದ್ರು. ಆಮೇಲಿಂದು ನಿನಗೆ ಗೊತ್ತೇ ಇದೆ.

ಬೆಲ್ಲದ_ಅಚ್ಚು:
ಅಣ್ಣ, ಒಳ್ಳೇ ಮುಖ ಮಾತ್ರ ತೋರಿಸ್ಬೇಡಿ. ಅದೇ ಸ್ಯಾನ್‌ಫ್ರಾನ್ಸಿಸ್ಕೋದಲ್ಲೇ ಚೇಸಾ ಬೌಡಿನ್ ಅನ್ನೋ ಡಿಎನ 2022ರಲ್ಲಿ ಅವಧಿ ಮುಗಿಯೋಕೆ ಮುಂಚೆನೇ ಜನ ಓಟ್ ಹಾಕಿ ಮನೆಗೆ ಕಳಿಸಿದ್ರು. ನಾಳೆ ಓಟ್ ಕೇಳ್ಬೇಕು ಅಂದ್ರೆ ಇವತ್ತು ಯಾರಿಗೆ ಎಷ್ಟು ಶಿಕ್ಷೆ ಕೇಳ್ಬೇಕು ಅಂತ ಫೈಲ್ ನೋಡ್ತಾರಾ ಬೀದಿ ನೋಡ್ತಾರಾ? ಆದ್ರೆ ನ್ಯೂಯಾರ್ಕ್ ಮ್ಯಾನ್‌ಹಟನ್ನಲ್ಲಿ ರಾಬರ್ಟ್ ಮಾರ್ಗೆಂಥಾವ್ ಅಂತ ಒಬ್ರು 1975ರಿಂದ 2009ರ ತನಕ ಡಿಎ ಆಗಿ, 90 ವಯಸ್ಸಲ್ಲಿ ಕುರ್ಚಿ ಬಿಟ್ರು, ಅದನ್ನೂ ಒಪ್ಕೊಳ್ಳೋಣ.

ಕರಿಕೋಟು_ಮಂಡ್ಯ:
ತಾಯಿ, ನಾನು ಮಂಡ್ಯ ಕೋರ್ಟಲ್ಲಿ ಡಿಫೆನ್ಸ್ ಸೈಡ್, ಎದುರಿಗೆ ನಿಲ್ಲೋ ಪಿಪಿಗಳನ್ನ 20 ವರ್ಷದಿಂದ ನೋಡ್ತಾ ಇದೀನಿ. ನಮ್ಮಲ್ಲಿ ಎರಡು ದಾರಿ. ನಿನ್ ಥರ ಎಪಿಪಿ ಪರೀಕ್ಷೆ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಂದ ಶುರು ಮಾಡಿ ಮೇಲೆ ಬರೋದು ಒಂದು. ಇನ್ನೊಂದು, ಜಿಲ್ಲಾಧಿಕಾರಿ ಸೆಷನ್ಸ್ ಜಡ್ಜ್ ಹತ್ರ ಚರ್ಚೆ ಮಾಡಿ ಪ್ಯಾನೆಲ್ ಕಳಿಸಿ, 7 ವರ್ಷ ಪ್ರಾಕ್ಟೀಸ್ ಆದ ವಕೀಲರಲ್ಲಿ ಸರ್ಕಾರ ನೇಮಕ ಮಾಡೋದು, ಹಳೇ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಸಿಆರ್‌ಪಿಸೀಲಿ ಸೆಕ್ಷನ್ 24, ಈಗ ಅದರ ಜಾಗಕ್ಕೆ ಬಂದಿರೋ ಬಿಎನ್‌ಎಸ್‌ಎಸ್‌ನಲ್ಲಿ 18. ಓಟ್ ಇಲ್ಲ ಸರಿ, ಆದ್ರೆ ಸರ್ಕಾರ ಬದಲಾದ್ರೆ ಯಾರ್ ಯಾರ್ ಮನೆ ಮುಂದೆ ಯಾವ್ ವಕೀಲರ ಕಾರು ನಿಲ್ತದೆ ಅಂತ ನಮ್ ಬಾರ್ ಕ್ಯಾಂಟೀನಲ್ಲಿ ಕೇಳು, ಟೀ ಬರೋಷ್ಟ್ರಲ್ಲಿ ಲಿಸ್ಟ್ ಕೊಡ್ತಾರೆ.

ಅಸಲು ವ್ಯತ್ಯಾಸ ಬೇರೆ ಕಡೆ ಅದೆ. ಅಲ್ಲಿ ಕೇಸ್ ಹಾಕೋದಾ ಬೇಡ್ವಾ, ಯಾವ ಚಾರ್ಜು, ಎಲ್ಲಾ ಡಿಎ ಕೈಲಿ, ಜೊತೆಗೆ ತಪ್ಪೊಪ್ಕೊಂಡ್ರೆ ಶಿಕ್ಷೆ ಕಮ್ಮಿ ಅಂತ ಚೌಕಾಸಿ ಬೇರೆ, ರಾಜ್ಯದ ಕೋರ್ಟುಗಳಲ್ಲಿ ಶಿಕ್ಷೆ ಆಗೋ ದೊಡ್ಡ ಕೇಸುಗಳಲ್ಲಿ 100ಕ್ಕೆ 94 ಹಂಗೇ ಮುಗೀತವೆ ಅಂತ ಅವರ ಸುಪ್ರೀಂ ಕೋರ್ಟೇ 2012ರಲ್ಲಿ ಬರೆದದೆ. ಇಲ್ಲಿ ಪೊಲೀಸ್ರು ಚಾರ್ಜ್‌ಶೀಟ್ ಹಾಕಿ ಆದ್ಮೇಲೆ ಪಿಪಿ ಕೈಗೆ ಫೈಲು. ಒಂದು ಕೊಲೆ ಕೇಸ್ ಹೇಳ್ತೀನಿ. ಮಚ್ಚು ಬಟ್ಟೇಲಿ ಸುತ್ತಿ ಅರಗು ಮುದ್ರೆ ಹಾಕಿ ಎಂಓ-1 (ಮೊದಲ್ನೇ ಸಾಕ್ಷ್ಯದ ವಸ್ತು) ಅಂತ ಚೀಟಿ ಅಂಟ್ಸಿತ್ತು. ಪಂಚನಾಗಿದ್ದವನು, ಅಂದ್ರೆ ಪೊಲೀಸ್ರು ಮಚ್ಚು ವಶಕ್ಕೆ ತಗೊಂಡಿದ್ದಕ್ಕೆ ಸಾಕ್ಷಿ ಅಂತ ಸೈನ್ ಹಾಕಿದ್ದವನು, ವರಾಂಡದಲ್ಲಿ ಪಿಪಿ ಹತ್ರ ಎಲ್ಲಾ ಸರಿಯಾಗೇ ಹೇಳ್ದ, ಕಟಕಟೆ ಹತ್ತಿ ಮಚ್ಚು ನೋಡ್ತಿದ್ದಂಗೇ "ಇದ್ನ ನಾನ್ ಕಂಡೇ ಇಲ್ಲ ಬುದ್ಧಿ, ಟೇಸನ್ನಲ್ಲಿ ಸೈನ್ ಹಾಕು ಅಂದ್ರು ಹಾಕ್ದೆ" ಅಂದ. ನನ್ ಕಕ್ಷಿದಾರ ಕಣ್ಣಲ್ಲೇ ನಕ್ಕ. ಪಿಪಿ ತಲೆ ಕೂಡ ಎತ್ತದೆ "ಹಾಸ್ಟೈಲ್ ಸ್ವಾಮಿ", ಅಂದ್ರೆ ಸಾಕ್ಷಿ ತಿರುಗಿಬಿದ್ದ, ಅಂತ ಅಂದು ಪೆನ್ನಿನ ಕ್ಯಾಪ್ ಹಾಕಿದ್ರು. ಕೇಸ್ ನಾನು ಗೆದ್ದೆ. ಆವತ್ತು ಮಧ್ಯಾಹ್ನ ಊಟ ಮಾತ್ರ ಸೇರ್ಲಿಲ್ಲ.

ಬೆಟ್ಟದ_ಮೆಟ್ಲು:
ಸಾರ್, ಹಾಗಾದ್ರೆ ಸರ್ಕಾರ ಕೇಸ್ ವಾಪಸ್ ತಗೋ ಅಂದ್ರೆ ಪಿಪಿ ತಗೊಳ್ಲೇಬೇಕಾ?

ಕರಿಕೋಟು_ಮಂಡ್ಯ:
ಕಾನೂನು ಹಂಗೆ ಹೇಳಲ್ಲ. ಹಳೇ ಸಿಆರ್‌ಪಿಸೀಲಿ ಸೆಕ್ಷನ್ 321, ಈಗ ಬಿಎನ್‌ಎಸ್‌ಎಸ್‌ನಲ್ಲಿ 360. ಅರ್ಜಿ ಹಾಕ್ಬೇಕಾದೋರು ಪಿಪಿ, ಅದೂ ಸ್ವಂತ ತಲೆ ಓಡ್ಸಿ, ಮೇಲೆ ಕೋರ್ಟ್ ಒಪ್ಪಿಗೆ ಬೇರೆ ಬೇಕು. ಒಲ್ಲೆ ಅಂದ ಪಿಪಿ ಒಬ್ರನ್ನೇ ನಾನು ಕಣ್ಣಾರೆ ಕಂಡಿರೋದು, ಆಮೇಲೆ ಬೇಗ ವರ್ಗ ಆದ್ರು. ಎಕ್ಸಾಮಿಗೆ ಆ ಸೆಕ್ಷನ್ ಚೆನ್ನಾಗಿ ಓದ್ಕೋ. ಬಿಡುವಾದಾಗ ಒಂದ್ಸಲ ಬಂದು ಸೆಷನ್ಸ್ ಟ್ರಯಲ್ ನೋಡು, 11 ಗಂಟೆಗೆ ಮುಂಚೆ ಬಂದ್ರೆ ಹಿಂದಿನ ಬೆಂಚಲ್ಲಿ ಜಾಗ ಸಿಗ್ತದೆ. ಅಮ್ಮನ್ನೂ ಕರ್ಕೊಂಡ್ ಬಾ.