ಜಿಪ್ಸಿ ಕಿಂಗ್: 4ಎಚ್ ದೀಪ ಉರಿಯುತ್ತೆ, ಮುಂದಿನ ಚಕ್ರ ಎಳೆಯಲ್ಲ

ತೋಟದದಾರಿ:
2004ರ ಮಾರುತಿ ಜಿಪ್ಸಿ ಕಿಂಗ್, ಮೂಡಿಗೆರೆ ಕಡೆ ತೋಟದಲ್ಲಿ ಓಡೋ ಫೋರ್ ವೀಲ್ ಡ್ರೈವ್ ಗಾಡಿ. ಮುಂದಿನ ಎರಡೂ ಹಬ್ (ಚಕ್ರವನ್ನ ಆಕ್ಸಲ್ ಶಾಫ್ಟಿಗೆ ಕಚ್ಚಿಸೋ, ಬಿಡಿಸೋ ಭಾಗ) ಲಾಕ್‌ಗೆ ತಿರುಗಿಸಿ 4ಎಚ್ (ನಾಲ್ಕೂ ಚಕ್ರ ಎಳೆಯೋ ಹೈ ಗೇರ್) ಹಾಕಿದರೆ ಡ್ಯಾಶ್‌ಬೋರ್ಡಲ್ಲಿ ದೀಪ ಬರುತ್ತೆ. ಕೆಸರಿಗೆ ಇಳಿದರೆ ಮಾತ್ರ ಹಿಂದಿನ ಚಕ್ರಗಳಷ್ಟೇ ಸುತ್ತೋದು, ಮುಂದಿನವು ಸುಮ್ಮನಿರ್ತವೆ. ಜೊತೆಗೆ 4ಎಲ್‌ನಲ್ಲಿ (ನಾಲ್ಕೂ ಚಕ್ರ ಎಳೆಯೋ ಲೋ ಗೇರ್) ಇಳಿಜಾರು ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ತಕ್ಷಣ ಲಿವರ್ ಟಕ್ ಅಂತ ನ್ಯೂಟ್ರಲ್‌ಗೆ ಬೀಳುತ್ತೆ. ಗ್ಯಾರೇಜಲ್ಲಿ ಟ್ರಾನ್ಸ್‌ಫರ್ ಕೇಸ್ (ಎಳೆತವನ್ನ ಹಿಂದಿನ, ಮುಂದಿನ ಚಕ್ರಗಳಿಗೆ ಹಂಚೋ ಗೇರ್ ಪೆಟ್ಟಿಗೆ) ಇಳಿಸಬೇಕು ಅಂತಿದ್ದಾರೆ. ಅದಕ್ಕೂ ಮೊದಲು ಏನು ನೋಡಬೇಕು?

ಗ್ರೀಸ್‌ಗನ್:
ಈಗಲೇ ಇಳಿಸಬೇಡಿ ಸರ್. ನೀವು ಹೇಳಿದ್ದು ಎರಡು ಬೇರೆ ಬೇರೆ ಕಾಯಿಲೆ ಇರಬಹುದು.

ಮೊದಲು ಆ ದೀಪ ನಂಬೋದು ಬಿಡಿ. ಅದರ ಸ್ವಿಚ್ ಇರೋದು ಟ್ರಾನ್ಸ್‌ಫರ್ ಕೇಸ್ ಮೇಲೆ, ಹಬ್ ಕಚ್ಚಿದೆಯೋ ಇಲ್ಲವೋ ಅದಕ್ಕೆ ತಿಳಿಯಲ್ಲ. ಮುಂದಿನ ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳಿಗೆ ಎಳೆತ ಹಂಚೋ ಗೇರ್) ಓಪನ್ ಟೈಪ್, ಅಂದರೆ ಲಾಕ್ ಇಲ್ಲದ್ದು, ಆದ್ದರಿಂದ ಒಂದು ಹಬ್ ಕಚ್ಚದಿದ್ದರೆ ಆ ಕಡೆ ಆಕ್ಸಲ್ ಶಾಫ್ಟ್ ಒಳಗೇ ಖಾಲಿ ಸುತ್ತುತ್ತೆ, ಚೆನ್ನಾಗಿರೋ ಕಡೆಗೂ ಎಳೆತ ಸಿಗಲ್ಲ. ಕೆಟ್ಟಿರೋದು ಒಂದೇ ಆದರೂ ಎರಡೂ ಚಕ್ರ ಹೋದ ಹಾಗೆ.

ಮಟ್ಟ ನೆಲದಲ್ಲಿ ಎರಡೂ ಹಬ್ ಲಾಕ್ ಮಾಡಿ, ಗಾಡಿ ಒಂದೆರಡು ಅಡಿ ಹಿಂದೆ ಮುಂದೆ ಮಾಡಿ. ಹಲ್ಲು ಹಲ್ಲಿಗೆ ಕೂರಬೇಕಲ್ಲ, ಅದಕ್ಕೆ. ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ. ಲಿವರ್ 4ಎಚ್, ಗೇರ್ ಒಂದನೇದು, ಇಂಜಿನ್ ಆಫ್. ಮುಂದಿನ ಒಂದೇ ಚಕ್ರ ಎತ್ತಿ ಸ್ಟ್ಯಾಂಡ್ ಇಟ್ಟು ಕೈಯಲ್ಲಿ ತಿರುಗಿಸಿ. ಸ್ವಲ್ಪ ಆಟ ಬಿಟ್ಟರೆ ಅದು ತಿರುಗಬಾರದು. ತಿರುಗಿದರೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಟ್ರಾನ್ಸ್‌ಫರ್ ಕೇಸಿಂದ ಮುಂದಿನ ಡಿಫರೆನ್ಷಿಯಲ್‌ಗೆ ಹೋಗೋ ಉದ್ದದ ಶಾಫ್ಟ್) ಏನು ಮಾಡುತ್ತೆ ಅಂತ ಇನ್ನೊಬ್ಬರು ನೋಡಲಿ. ಅದೂ ತಿರುಗಿದರೆ ಟ್ರಾನ್ಸ್‌ಫರ್ ಕೇಸ್ 4ಎಚ್‌ಗೆ ಬಿದ್ದಿಲ್ಲ. ಅದು ನಿಂತೇ ಇದ್ದರೆ ತೊಂದರೆ ಹಬ್ ಅಥವಾ ಆಕ್ಸಲ್ ಶಾಫ್ಟಿನಲ್ಲಿ.

ತೋಟದದಾರಿ:
ಬಲಗಡೆಯದು ಎತ್ತಿದೆ. ಚಕ್ರ ಸಲೀಸಾಗಿ ತಿರುಗುತ್ತೆ, ಪ್ರೊಪೆಲ್ಲರ್ ಶಾಫ್ಟ್ ಅಲ್ಲಾಡಲ್ಲ. ಹಾಗಾದರೆ ಬಲಗಡೆ ಹಬ್ ಬದಲಾಯಿಸಲಾ?

ಗ್ರೀಸ್‌ಗನ್:
ತಡೀರಿ. ನೆಲದ ಮೇಲಿದ್ದ ಎಡಗಡೆ ಹಬ್ ಕಚ್ಚದಿದ್ದರೂ ಬಲಗಡೆ ಚಕ್ರ ಹೀಗೇ ತಿರುಗುತ್ತೆ. ಈಗ ಮುಂದಿನ ಎರಡೂ ಚಕ್ರ ಎತ್ತಿ, 2ಎಚ್‌ಗೆ (ಹಿಂದಿನ ಚಕ್ರ ಮಾತ್ರ ಎಳೆಯೋದು) ಹಾಕಿ. ಒಂದೊಂದನ್ನೂ ಫ್ರೀನಲ್ಲಿ ಒಮ್ಮೆ, ಲಾಕ್‌ನಲ್ಲಿ ಒಮ್ಮೆ ತಿರುಗಿಸಿ ನೋಡಿ. ಹಬ್ ಕಚ್ಚಿದರೆ ಒಳಗಿನ ಶಾಫ್ಟನ್ನೂ ಎಳೆಯಬೇಕಾದ್ದರಿಂದ ಕೈಗೆ ಭಾರ ಗೊತ್ತಾಗುತ್ತೆ. ಲಾಕ್‌ನಲ್ಲೂ ಫ್ರೀಯಷ್ಟೇ ಹಗುರವಾಗಿದ್ದರೆ ಆ ಹಬ್ಬೇ ಕಳ್ಳ.

ಘಾಟಿಗಾಲಿ:
ಹಬ್ ಪೂರ್ತಿ ಬದಲಾಯಿಸೋ ಮೊದಲು ಕವರ್ ಬಿಚ್ಚಿ ನೋಡಿ, ಆರು ಬೋಲ್ಟ್ ಅಷ್ಟೆ. ಎಷ್ಟೋ ಗಾಡಿಗಳಲ್ಲಿ ಒಳಗೆ ಗ್ರೀಸ್ ಮೇಣದ ಥರ ಗಟ್ಟಿಯಾಗಿ, ಕ್ಲಚ್ ರಿಂಗನ್ನ (ಹಬ್ಬನ್ನ ಶಾಫ್ಟಿಗೆ ಕಚ್ಚಿಸೋ ಹಲ್ಲಿನ ರಿಂಗ್) ಸ್ಪ್ರಿಂಗ್ ತಳ್ಳಿದರೂ ಸರಿಯೋಕೆ ಬಿಡಲ್ಲ. ಡೀಸೆಲ್‌ನಲ್ಲಿ ತೊಳೆದು ಒಣಗಿಸಿ ತೆಳುವಾಗಿ ಗ್ರೀಸ್ ಸವರಿ. ಬೇರಿಂಗಿಗೆ ತುಂಬಿದ ಹಾಗೆ ಇಲ್ಲಿ ತುಂಬಿದರೆ ಮತ್ತೆ ಅದೇ ಕಥೆ. ಕವರ್ ಕೂರಿಸುವಾಗ ನಾಬ್ ಫ್ರೀನಲ್ಲೇ ಇರಲಿ, ಗ್ಯಾಸ್ಕೆಟ್ ಹೊಸದು ಹಾಕಿ. ರಿಂಗಿನ ಹಲ್ಲು ಮೂಲೆ ಸವೆದು ಗುಂಡಗಾಗಿದ್ದರೆ ಮಾತ್ರ ಹಬ್ ಹೊಸದು. ಒಳಗೆ ತೆಳ್ಳಗಿನ ಗೇರ್ ಆಯಿಲ್ ಕಂಡರೆ ಆಕ್ಸಲ್ ಸೀಲ್ ಹೋಗಿದೆ ಅಂತ ಅರ್ಥ, ಅದನ್ನ ಸರಿ ಮಾಡದೆ ಹಬ್ ಮುಚ್ಚಬೇಡಿ.

ಹಬ್ ಸರಿಯಾಗಿ ಕಚ್ಚಿಯೂ ಚಕ್ರ ಎಳೆಯದಿದ್ದರೆ ಸಿವಿ ಜಾಯಿಂಟ್ (ಚಕ್ರ ಪಕ್ಕಕ್ಕೆ ತಿರುಗಿದಾಗಲೂ ಎಳೆತ ಮುಟ್ಟಿಸೋ ಶಾಫ್ಟಿನ ಗೆಣ್ಣು) ಅಥವಾ ಶಾಫ್ಟ್ ಮುರಿದಿರಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅನ್ನೋದು ಅದರ ಮುನ್ಸೂಚನೆ.

ಗ್ರೀಸ್‌ಗನ್:
ಇನ್ನು ಲಿವರ್ ವಿಷಯ. ಇದರಲ್ಲಿ ಉದಾಸೀನ ಬೇಡ. ಟ್ರಾನ್ಸ್‌ಫರ್ ನ್ಯೂಟ್ರಲ್ ಆದರೆ ಇಂಜಿನ್ ಬ್ರೇಕಿಂಗ್ ಇರಲ್ಲ, ಗೇರಲ್ಲಿ ನಿಲ್ಲಿಸಿದ ಗಾಡಿಯೂ ಉರುಳುತ್ತೆ. ಸರಿಯಾಗೋವರೆಗೆ ಇಳಿಜಾರಿಗೆ 4ಎಲ್ ನೆಚ್ಚಿಕೊಳ್ಳಬೇಡಿ.

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಮೂರು ರಬ್ಬರ್ ಮೌಂಟಿಂಗ್ ಮೇಲೆ ಬೇರೆಯಾಗಿ ಕೂತಿದೆ. ರಬ್ಬರ್ ಹರಿದಿದ್ದರೆ, ಆಕ್ಸಿಲರೇಟರ್ ಬಿಟ್ಟು ಎಳೆತ ತಿರುಗುಮುರುಗಾದಾಗ ಇಡೀ ಕೇಸ್ ಹೊರಳುತ್ತೆ, ಲಿವರ್ ಫ್ಲೋರಿಗೆ ತಾಗಿ ಗೇರ್ ಹಾರುತ್ತೆ. ಕೆಳಗಿಂದ ಕಬ್ಬಿಣದ ಸಲಾಕೆ ಕೊಟ್ಟು ಮೀಟಿ ನೋಡಿ. ರಬ್ಬರ್ ಗಟ್ಟಿಯಾಗಿದ್ದರೆ ಆಮೇಲೆ ಶಿಫ್ಟ್ ರಾಡನ್ನ ಜಾಗದಲ್ಲಿ ಹಿಡಿದಿಡೋ ಗುಂಡು, ಸ್ಪ್ರಿಂಗ್ ನೋಡೋಣ. ಒಳಗೆ ಗೇರ್ ಸರಿಸೋ ಫೋರ್ಕಿನ ಸವೆತ ಕೊನೆಯ ಅನುಮಾನ, ಕೇಸ್ ಇಳಿಸಬೇಕಾಗೋದು ಅದಕ್ಕೆ ಮಾತ್ರ.

ತೋಟದದಾರಿ:
ಲಾಕ್‌ನಲ್ಲೂ ಹಗುರವಾಗಿದ್ದದ್ದು ಎಡಗಡೆಯದು. ಕವರ್ ತೆಗೆದರೆ ಗ್ರೀಸ್ ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು, ಹಲ್ಲು ಚೆನ್ನಾಗಿವೆ. ತೊಳೆದು ಹಾಕಿದ ಮೇಲೆ ಮೊದಲಿನ ಟೆಸ್ಟಲ್ಲಿ ಚಕ್ರ ತಿರುಗಲ್ಲ. ಮೌಂಟಿಂಗ್ ಒಂದು ಸೀಳಿದೆ. ಅದೊಂದೇ ಹಾಕಿಸಿದರೆ ಸಾಕಾ?

ಗ್ರೀಸ್‌ಗನ್:
ಮೂರೂ ಹಾಕಿಸಿ. ಒಂದು ಹೊಸದು, ಎರಡು ಹಳೇದು ಆದರೆ ಕೇಸ್ ವಾರೆಯಾಗಿ ಕೂತು ಹೊಸದೇ ಬೇಗ ಹರಿಯುತ್ತೆ. ಹೇಗಿದ್ದರೂ ಗಾಡಿ ಕೆಳಗೆ ಮಲಗ್ತೀರಿ, ಟ್ರಾನ್ಸ್‌ಫರ್ ಕೇಸಿನ ಗೇರ್ ಆಯಿಲೂ ಬದಲಾಯಿಸಿಬಿಡಿ: 80ಡಬ್ಲ್ಯು-90 ಗ್ರೇಡ್, ಸುಮಾರು 0.8 ಲೀಟರ್ ಹಿಡಿಯುತ್ತೆ, ಲೆವೆಲ್ ಪ್ಲಗ್‌ನಿಂದ ಜಿನುಗೋವರೆಗೆ ಹಾಕಿ. ಲೆವೆಲ್ ಪ್ಲಗ್ ಸಡಿಲವಾಗುತ್ತೆ ಅಂತ ಖಾತ್ರಿಯಾದ ಮೇಲೇ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ.