ಮಾಲ್ಟಾದ ವಲೆಟ್ಟಾ: ಮಂಡಿ ನೋವಿರೋ ಅಮ್ಮನ ಜೊತೆ 4 ದಿನ ಸಾಕಾ?

ತೋಟದಂಚು, ತೀರ್ಥಹಳ್ಳಿ
ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿಸಿ ಫೆಬ್ರವರಿಯಲ್ಲಿ ಹೊರಡೋ ಅಂದಾಜು. ಉಳಿಯೋದು ವಲೆಟ್ಟಾದಲ್ಲೇ. ಅಮ್ಮನಿಗೆ 66, ಮೆಟ್ಟಿಲು ಆಗಲ್ಲ, ಮೀನು ಮಾಂಸ ತಿನ್ನಲ್ಲ. ಯಾವುದನ್ನ ಮೊದಲೇ ಬುಕ್ ಮಾಡ್ಬೇಕು, ಯಾವುದನ್ನ ಬಿಡಬಹುದು?

ಕೊಡಚಾದ್ರಿ ಗಾಳಿ
4 ದಿನ ಧಾರಾಳ ಆಯ್ತು. 1565ರಲ್ಲಿ ಒಟ್ಟೋಮನ್ ತುರ್ಕರು ಮಾಲ್ಟಾಕ್ಕೆ ಹಾಕಿದ ಮುತ್ತಿಗೆ ಆದ ಮರುವರ್ಷ ಕಟ್ಟೋಕೆ ಶುರು ಮಾಡಿದ ಊರು. ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು ಒಂದು ಕಿಲೋಮೀಟರ್. ತೊಂದರೆ ದೂರದ್ದಲ್ಲ, ಏರಿಳಿತದ್ದು. ಎಮ್ಮೆ ಬೆನ್ನಿನ ಮೇಲೆ ಊರು ಕೂತ ಹಾಗಿದೆ: ಬೆನ್ನಿನುದ್ದಕ್ಕೆ ರಿಪಬ್ಲಿಕ್ ಸ್ಟ್ರೀಟ್, ಎರಡೂ ಪಕ್ಕದ ಓಣಿಗಳು ಸಮುದ್ರದ ಕಡೆಗೆ ಜಾರ್ತವೆ, ಹಲವು ಬರೀ ಮೆಟ್ಟಿಲೇ. ರೂಮು ಬೆನ್ನಿನ ಮೇಲೇ ಹಿಡೀರಿ. ಬಂದರಿಗೆ ಇಳಿಯೋಕೆ ಅಪ್ಪರ್ ಬರಾಕ್ಕಾ ತೋಟದ ಪಕ್ಕ 58 ಮೀಟರ್ ಎತ್ತರದ ಲಿಫ್ಟ್ ಇದೆ. ಅದರ ಬುಡದ ಹತ್ತಿರವೇ ಬಂದರಿನಾಚೆಯ ಹಳೇ ಊರು ಬಿರ್ಗು ಕಡೆ ಹೋಗೋ ದೋಣಿ ಸಿಗುತ್ತೆ. ಮೇಲೆ ತೋಟದ ಕೆಳಗಿನ ಕಟ್ಟೆಯಲ್ಲಿ ಮಧ್ಯಾಹ್ನ 12ಕ್ಕೆ ತೋಪು ಹಾರಿಸ್ತಾರೆ. ತೋಟದ ಕಟಕಟೆ ಹತ್ತಿರ ಜಾಗ ಬೇಕಂದ್ರೆ 11:40ಕ್ಕೇ ನಿಂತಿರಿ.

ಮಳೆ ಬಿದ್ದರೆ ಸವೆದ ಸುಣ್ಣಕಲ್ಲು ಪಾಚಿ ಹಿಡಿದ ಅಂಗಳದ ಥರ ಜಾರುತ್ತೆ. ನಮ್ಮಲ್ಲಾದ್ರೆ ಅಡಿಕೆ ದಬ್ಬೆ ಹಾಸ್ತೀವಿ, ಅಲ್ಲಿ ಯಾರು ಹಾಸ್ತಾರೆ ಮಾರಾಯ್ರೆ! ರಬ್ಬರ್ ಅಡಿಯ ಶೂ ಹಾಕ್ಸಿ.

ತುಂಗೆಯ ಮಗ್ಗಲು
ಬುಕ್ ಮಾಡೋದು ಒಂದೇ, ಹತ್ತಿರದ ಪಾವೊಲಾ ಊರಿನ ಹೈಪೋಜಿಯಂ. ಬಂಡೆ ಕೊರೆದು ನೆಲದಡಿ ಮಾಡಿದ 5000 ವರ್ಷಕ್ಕೂ ಹಳೆಯ ಸಮಾಧಿ. ಉಸಿರಿನ ತೇವಕ್ಕೆ ಕೆಮ್ಮಣ್ಣಿನ ಚಿತ್ರ ಹಾಳಾಗುತ್ತೆ ಅಂತ ದಿನಕ್ಕೆ 80 ಜನಕ್ಕಷ್ಟೇ ಪ್ರವೇಶ, ಟಿಕೆಟ್ ವಾರಗಟ್ಟಲೆ ಮೊದಲೇ ಖಾಲಿ. ಆದ್ರೆ ಒಳಗೆ ಮೆಟ್ಟಿಲಿದೆ. ಅಮ್ಮನ್ನ ಅವತ್ತು ಸೇಂಟ್ ಜಾನ್ಸ್ ಕೋ-ಕ್ಯಾಥೆಡ್ರಲ್‌ಗೆ ಬಿಡಿ, ಇಟಲಿಯ ಚಿತ್ರಕಾರ ಕಾರವಾಜ್ಜೋ ಸಹಿ ಹಾಕಿದ ಒಂದೇ ಚಿತ್ರ ಅಲ್ಲಿದೆ (1608). ಭಾನುವಾರ ಪ್ರವಾಸಿಗರಿಗೆ ಬಾಗಿಲಿಲ್ಲ. ನೆಲ ಪೂರ್ತಿ ಅಮೃತಶಿಲೆಯ ಸಮಾಧಿಗಲ್ಲು, ಅದಕ್ಕೇ ಚೂಪು ಹೀಲ್ಸ್ ಹಾಕಿದವರನ್ನ ಬಿಡಲ್ಲ.

ಕೋಟೆಯೊಳಗಿನ ಹಳೇ ರಾಜಧಾನಿ ಮ್ದಿನಾಗೆ 51, 52, 53 ನಂಬರ್ ಬಸ್. ಸ್ಟಾಪಲ್ಲಿ ಸುಮ್ನೆ ನಿಂತ್ರೆ ಮುಂದೆ ಹೋಗಿಬಿಡ್ತಾನೆ, ಕೈ ಅಡ್ಡ ಹಾಕಿ. ಬಸ್ಸಲ್ಲಿ ಕಾರ್ಡ್ ತಟ್ಟಬಹುದು, ಆದ್ರೆ ನಮ್ಮ ಕಾರ್ಡಿನಲ್ಲಿ ವಿದೇಶದ ವ್ಯವಹಾರ ಮೊದಲಿಗೆ ಬಂದ್ ಆಗಿರುತ್ತೆ. ಬ್ಯಾಂಕ್ ಆ್ಯಪಲ್ಲಿ ಅದನ್ನೂ ಕಾಂಟ್ಯಾಕ್ಟ್‌ಲೆಸ್ಸನ್ನೂ ಬೇರೆಬೇರೆಯಾಗಿ ಆನ್ ಮಾಡ್ಕೊಳ್ಳಿ.

ತೋಟದಂಚು, ತೀರ್ಥಹಳ್ಳಿ
ಉಪಕಾರ ಆಯ್ತು. ಪಕ್ಕದ ಗೋಜೋ ದ್ವೀಪಕ್ಕೆ ಹೋಗಬಹುದಾ? ಮತ್ತೆ ಊಟ?

ಕೊಡಚಾದ್ರಿ ಗಾಳಿ
ಫೆಬ್ರವರಿ ಆದ್ರೆ ಗೋಜೋವನ್ನ ಕೊನೇ ದಿನಕ್ಕೆ ಇಡಬೇಡಿ. ಈಶಾನ್ಯದ ಗ್ರೆಗಾಲೆ ಗಾಳಿ ಎದ್ದರೆ ಸಣ್ಣ ದೋಣಿಗಳು ನಿಲ್ತವೆ. ಮಾಲ್ಟಾದ ಉತ್ತರ ತುದಿಯ ಚಿರ್ಕೆವ್ವಾದಿಂದ ಹೋಗೋ ದೊಡ್ಡ ಫೆರಿಯೇ ವಾಸಿ, ಸುಮಾರು 25 ನಿಮಿಷ; ದುಡ್ಡು ವಾಪಸ್ ಬರುವಾಗ ಮಾತ್ರ. ಏಪ್ರಿಲ್‌ಗೆ ಮುಂದೂಡೋಕಾದ್ರೆ ಇನ್ನೂ ಒಳ್ಳೇದು.

ಊಟಕ್ಕೆ ಪಸ್ತಿಜ್ಜಿ ಅನ್ನೋ ಪಫ್ ಎಲ್ಲ ಕಡೆ ಸಿಗುತ್ತೆ, ಒಳಗೆ ರಿಕೋಟಾ (ಮೆತ್ತನೆ ಚೀಸ್) ಇಲ್ಲಾ ಬಟಾಣಿ. ಹೂರಣ ನೋಡಿ ನಂಬಬೇಡಿ, ಹಿಟ್ಟಿಗೆ ಹಂದಿ ಕೊಬ್ಬು ಹಾಕೋ ರೂಢಿ ಇದೆ, ಕೇಳಿಯೇ ತಗೊಳ್ಳಿ. ಬಿಗಿಲ್ಲ ಅಂತ ಕಾಳಿನ ಚಟ್ನಿ ಬರುತ್ತೆ, ಬ್ರೆಡ್ಡಿಗೆ ಒಳ್ಳೇ ಜೋಡಿ, ಬೆಳ್ಳುಳ್ಳಿ ಮಾತ್ರ ಜೋರು.

ಸಾಗರದ ಚೀಲ
ವೀಸಾ ಮರೀಬೇಡಿ. ಷೆಂಗೆನ್ (ಯೂರೋಪಿನ ಹಲವು ದೇಶಕ್ಕೆ ಒಂದೇ) ವೀಸಾ ಅದು, ಪ್ರಯಾಣಕ್ಕೆ 6 ತಿಂಗಳ ಮೊದಲಿಂದ ಅರ್ಜಿ ಹಾಕಬಹುದು, ಹೊರಡೋಕೆ 15 ದಿನಕ್ಕಿಂತ ಕಡಿಮೆ ಇರುವಾಗ ಹಾಕಿದ್ರೆ ತಡ. ವಿಮೆ ಕನಿಷ್ಠ 30,000 ಯೂರೋದ್ದು. ಬೆರಳಚ್ಚಿಗೆ ಅಮ್ಮನೂ ಖುದ್ದಾಗಿ ಬರಬೇಕು. ಪ್ಲಗ್ ಬ್ರಿಟಿಷರ ಚೌಕ ಮೂರು ಕಡ್ಡಿಯದು, ನಮ್ಮ ಗುಂಡು ಪಿನ್ ಕೂರಲ್ಲ.